ಲಕೋಟೆಯಲ್ಲಿ ಬಂದ ಸಿನಿಮಾ

ಅಶೋಕನ ಶಾಸನ ಇರೋ ಜಟಿಂಗ ರಾಮೇಶ್ವರ ಬೆಟ್ಟದ ಸುತ್ತಲ ನಮ್ಮ ಊರುಗಳಿಗೆ ತೊಂಬತ್ತರ ದಶಕದಲ್ಲಿ ಸಿನಿಮಾ ಬಾಡಿಗೆಗೆ ಬರ್ತಿತ್ತು. ಒಂದು ಟಿವಿ, ವಿಸಿಪಿ, ಮೂರು ಕ್ಯಾಸೆಟ್, ಜೊತೆಗೆ ಅಂಗಡಿ ಹುಡುಗ. ಚಿತ್ರ ಗೆರೆಗೆರೆಯಾದರೆ ನೋಟು ಹಿಡಿದು ಹೆಡ್ ಒರೆಸೋನು ಅವನೇ, ಕರೆಂಟ್ ಹೋದರೆ ಬೈಸಿಕೊಳ್ಳೋನೂ ಅವನೇ. ಕಸ್ಟಮರ್ ಸರ್ವಿಸ್ ರಾತ್ರಿಯಿಡೀ ನಮ್ಮ ಜೊತೆಗೇ ಕೂತಿರ್ತಿತ್ತು.

1998ರಲ್ಲಿ ಅಮೆರಿಕದ ನೆಟ್‌ಫ್ಲಿಕ್ಸ್ ಈ ಹುಡುಗನನ್ನೇ ತೆಗೆದುಹಾಕಿತು. ಕ್ಯಾಸೆಟ್ ಭಾರ, ಡಿವಿಡಿ ತೆಳು. ಲಕೋಟೆಗೆ ಹಾಕಿದರೆ ಅಂಚೆಯಣ್ಣನೇ ತಲುಪಿಸ್ತಾನೆ. ಮರುವರ್ಷ ತಿಂಗಳ ಚಂದಾ ಬಂತು. ತಡವಾದರೆ ದಂಡವಿಲ್ಲ, ಆದರೆ ಹಳೇದು ವಾಪಸ್ ಬರೋವರೆಗೆ ಹೊಸದೂ ಇಲ್ಲ. ಡಿಸ್ಕ್ ಒಡೆದಿದೆ ಅಂತ ವೆಬ್‌ಸೈಟಿನಲ್ಲಿ ಹೇಳಿದರೆ ಇನ್ನೊಂದು ಕಳಿಸೋರು. ಮುಖ ನೋಡದ ಗಿರಾಕಿಯ ಮಾತು ನಂಬೋದು ಸಣ್ಣ ವಿಷಯವಲ್ಲ.

ನಂಬಿಕೆಗೂ ಲೆಕ್ಕವಿತ್ತು ಅನ್ನಿ. ಜಾಸ್ತಿ ಸಿನಿಮಾ ತರಿಸಿದಷ್ಟೂ ಕಂಪನಿಗೆ ಅಂಚೆ ಖರ್ಚು. ಅಂಥವರಿಗೆ ಬೇಕಂತಲೇ ತಡ ಮಾಡ್ತಾರೆ ಅಂತ 2004ರಲ್ಲಿ ಒಬ್ಬ ಗಿರಾಕಿ ಕೋರ್ಟಿಗೆ ಹೋದ. ಕಂಪನಿ ತಪ್ಪು ಒಪ್ಪದೆ ರಾಜಿಯಾಯಿತು. ಕಡಿಮೆ ತರಿಸೋರಿಗೆ ಆದ್ಯತೆ ಅಂತ ನಿಯಮದಲ್ಲೇ ಬರೆದುಕೊಂಡಿತು. ಬೈಯೋಣ ಅಂದರೆ ಎದುರಿಗೆ ಹುಡುಗನೂ ಇಲ್ಲ!

ಬೆಂಗಳೂರಲ್ಲಿ ಸೆವೆಂಟಿಎಂಎಂ ಇದೇ ವ್ಯಾಪಾರಕ್ಕೆ ಇಳಿದಾಗ ಡಿಸ್ಕ್ ಹಿಡಿದು ಮತ್ತೆ ಹುಡುಗರೇ ಮನೆ ಬಾಗಿಲಿಗೆ ಬಂದರು. ಮೊಳಕಾಲ್ಮುರು ಕಡೆಗೆ ಆ ಭಾಗ್ಯ ಬರಲಿಲ್ಲ, ನೇರ ಮೊಬೈಲೇ ಬಂತು.

ನೆಟ್‌ಫ್ಲಿಕ್ಸ್ ಕೊನೆಯ ಡಿಸ್ಕುಗಳನ್ನು ಕಳಿಸಿದ್ದು 2023ರ ಸೆಪ್ಟೆಂಬರ್ 29ಕ್ಕೆ. ವಾಪಸ್ ಕೊಡದಿದ್ದರೂ ದುಡ್ಡು ಕೇಳಲ್ಲ, ನೀವೇ ಇಟ್ಕೊಳ್ಳಿ ಅಂದಿತು.