ತೂತಿನ ಮಡಕೆ ಹೇಳಿದ ಚೀಸ್ ಕಥೆ

ಇಲ್ಲಿ ಪುಣೆಯಲ್ಲಿ ನನ್ನ ಟೀಮಿನಲ್ಲಿ ಚೀಸ್ ಮಾತು ಬಂದರೆ ಎರಡು ಪಕ್ಷ. ಕೆಲವರಿಗೆ ಅದು ಪ್ರೋಟೀನ್, ಉಳಿದವರಿಗೆ ಬರೀ ಕೊಬ್ಬು. ಇಬ್ಬರ ಮಾತೂ ನಿಜ. ಯಾಕೆ ಅಂತ ತಿಳಿಯೋಕೆ ಸುಮಾರು 7,000 ವರ್ಷ ಹಿಂದಕ್ಕೆ ಹೋಗೋಣ.

ಪೋಲೆಂಡಿನ ಕುಯಾವಿಯಾದಲ್ಲಿ ಅಷ್ಟು ಹಳೆಯ, ಮೈತುಂಬ ತೂತಿದ್ದ ಮಡಕೆ ಚೂರುಗಳು ಸಿಕ್ಕಿದ್ದವು. ಅವುಗಳಲ್ಲಿ ಹಾಲಿನ ಕೊಬ್ಬು ಅಂಟಿದೆ ಅಂತ ವಿಜ್ಞಾನಿಗಳು 2012ರಲ್ಲಿ ತೋರಿಸಿದರು. ಅಂದರೆ ಅವು ಒಡೆದ ಹಾಲು ಸೋಸುವ ಜರಡಿಗಳು!

ಆ ಕಾಲದ ಹೆಚ್ಚಿನ ದೊಡ್ಡವರಿಗೆ ಹಾಲಿನ ಲ್ಯಾಕ್ಟೋಸ್ ಜೀರ್ಣವಾಗುತ್ತಿರಲಿಲ್ಲ. ಸೋಸಿದಾಗ ಅದರ ಬಹುಪಾಲು ನೀರಿನ ಜೊತೆ ಹೋಗತ್ತೆ. ಪ್ರೋಟೀನ್, ಕೊಬ್ಬು, ಕ್ಯಾಲ್ಸಿಯಂ ಗಟ್ಟಿಯಲ್ಲಿ ಉಳಿಯತ್ತೆ. ಉಪ್ಪು ಬೆರೆಸಿ ಒಣಗಿಸಿದರೆ ಬೇಗ ಕೆಡೋದೂ ಇಲ್ಲ.

ಇವತ್ತಿನ 100 ಗ್ರಾಂ ಚೆಡ್ಡಾರ್ ನೋಡಿ: ಸುಮಾರು 400 ಕ್ಯಾಲೊರಿ, 25 ಗ್ರಾಂ ಪ್ರೋಟೀನ್, 33 ಗ್ರಾಂ ಕೊಬ್ಬು, 700 ಮಿಲಿಗ್ರಾಂ ಕ್ಯಾಲ್ಸಿಯಂ. ಹೊಲದಲ್ಲಿ ದುಡಿಯುತ್ತಿದ್ದವರಿಗೆ ಇದು ವರ. ದಿನವಿಡೀ ಕುರ್ಚಿ ಬಿಡದ ನಮಗೆ ಒಂದು ಸಣ್ಣ ತುಂಡು ಸಾಕು.

ಹಾಲು ಕುಡಿದರೆ ಹೊಟ್ಟೆ ಕೆಡುವ ಎಷ್ಟೋ ಜನರಿಗೆ ಹಳೇ ಗಟ್ಟಿ ಚೀಸ್ ಈಗಲೂ ಒಗ್ಗತ್ತೆ. ಅದರಲ್ಲಿರೋ ಉಪ್ಪು ಮಾತ್ರ ಲೆಕ್ಕದಲ್ಲಿರಲಿ.