ಟೆಸ್ಲಾ ಸುರುಳಿ: ವೋಲ್ಟೇಜೂ ಕಂಡೆನ್ಸರೂ



ಬೇಲೂರು ತಾಲ್ಲೂಕಿನ ಮಾದಿಹಳ್ಳಿಯ ಕಡೆಯ ಹೊಲಗಳ ಅಂಚಿನಲ್ಲಿ ಕಂಬವೇರಿ ಕುಳಿತಿರತಕ್ಕ ಟ್ರಾನ್ಸ್‌ಫಾರ್ಮರನ್ನು ನೋಡದವರಿಲ್ಲ. ೧೧,೦೦೦ ವೋಲ್ಟುಗಳಾಗಿ ಬಂದ ವಿದ್ಯುತ್ತನ್ನು ಅದು ೪೦೦ರ ಆಸುಪಾಸಿಗೆ ಇಳಿಸಿ ಪಂಪುಗಳಿಗೆ ಕೊಡುತ್ತದೆ. ದೂರ ಸಾಗಿಸುವಾಗ ಏರಿಸುವುದು, ಬಳಸುವಾಗ ಇಳಿಸುವುದು: ಈ ನೀತಿಯನ್ನು ನಮ್ಮ ಮೈಸೂರು ಸೀಮೆ ಬಲು ಬೇಗನೆ ಕಲಿಯಿತು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು ೩೫,೦೦೦ ವೋಲ್ಟುಗಳ ಒತ್ತಡದಲ್ಲಿ ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಆ ಪರ್ಯಾಯ ಪ್ರವಾಹದ ಪದ್ಧತಿಗೆ ದಾರಿ ತೆರೆದವರಲ್ಲಿ ಒಬ್ಬನಾದ ನಿಕೊಲಾ ಟೆಸ್ಲಾ, ೧೮೯೧ರಲ್ಲಿಯೇ ಒತ್ತಡವನ್ನು ಲಕ್ಷಾಂತರ ವೋಲ್ಟುಗಳಿಗೆ ಏರಿಸಬಲ್ಲ ಸುರುಳಿಯನ್ನು ರೂಪಿಸಿದ್ದನು.

ಇದರ ಕ್ರಮ ಸರಳ. ಟ್ರಾನ್ಸ್‌ಫಾರ್ಮರು ಕಂಡೆನ್ಸರನ್ನು (ಈಗ ಕೆಪಾಸಿಟರ್ ಎನ್ನುವರು) ತುಂಬುತ್ತದೆ. ತುಂಬಿದ ವಿದ್ಯುತ್ತು ಕಿಡಿಯ ಸಂದನ್ನು ಹಾರಿ ಮೊದಲ ಸುರುಳಿಯಲ್ಲಿ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ತೂಗಾಡುತ್ತದೆ. ಅದೇ ಲಯಕ್ಕೆ ಹೊಂದಿಸಿದ ಎರಡನೆಯ ಸುರುಳಿ ಮಿಂಚನ್ನುಗುಳುತ್ತದೆ. ೧೮೯೯ರಲ್ಲಿ ಕೊಲರಾಡೊ ಸ್ಪ್ರಿಂಗ್ಸಿನಲ್ಲಿ ಟೆಸ್ಲಾ ಕಂಡೆನ್ಸರಿಗಾಗಿ ಉಪ್ಪುನೀರು ತುಂಬಿದ ಬಾಟಲಿಗಳನ್ನು ಹೂಡಿದನು. ಇಂದಿನ ಹವ್ಯಾಸಿಗಳೂ ಅದನ್ನೇ ಮಾಡುವುದುಂಟು.

ಇವರಲ್ಲಿ ಅನೇಕರು ವೋಲ್ಟೇಜೊಂದನ್ನೇ ಬೆನ್ನಟ್ಟುವರು. ಕಂಡೆನ್ಸರಿನಲ್ಲಿ ಕೂಡುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವೆಂಬುದು ದಿಟ. ಆದರೆ ಟ್ರಾನ್ಸ್‌ಫಾರ್ಮರಿನ ಕರೆಂಟು ತುಂಬಬಲ್ಲಷ್ಟೇ ಕಂಡೆನ್ಸರು ತುಂಬುವುದು. ನಿಯಾನ್ ಫಲಕಗಳ ಟ್ರಾನ್ಸ್‌ಫಾರ್ಮರುಗಳನ್ನು ನಮ್ಮ ೫೦ ಆವರ್ತದ ವಿದ್ಯುತ್ತಿನ ಮೇಲೆ ಲೆಕ್ಕ ಹಾಕೋಣ. ೧೫,೦೦೦ ವೋಲ್ಟು, ೩೦ ಮಿಲಿಆಂಪಿಯರಿನದಕ್ಕೆ ಸರಿಹೊಂದುವುದು ಸುಮಾರು ೬.೪ ನ್ಯಾನೊಫ್ಯಾರಡ್, ಪ್ರತಿ ಕಿಡಿಗೆ ೧.೪ ಜೂಲ್. ೯,೦೦೦ ವೋಲ್ಟಿನ, ಅಷ್ಟೇ ಕರೆಂಟಿನದಕ್ಕೆ ೧೦.೬ ಬೇಕು, ಪಾತ್ರೆ ದೊಡ್ಡದಾದರೂ ಶಕ್ತಿ ೦.೮೬ ಜೂಲ್ ಮಾತ್ರ. ೧೫,೦೦೦ ವೋಲ್ಟೇ ಇದ್ದು ಕರೆಂಟು ೬೦ ಆದರೆ ೧೨.೭ ನ್ಯಾನೊಫ್ಯಾರಡ್, ೨.೯ ಜೂಲ್. ಒಂದು ಬಾಟಲಿ ಒಂದು ನ್ಯಾನೊಫ್ಯಾರಡ್ ಎಂದು ಹಿಡಿದರೆ, ಮೊದಲನೆಯದಕ್ಕೆ ಆರೇಳು, ಕೊನೆಯದಕ್ಕೆ ಹದಿಮೂರು. ಬಾಟಲಿಗಳ ದಪ್ಪವೂ ಗಾತ್ರವೂ ಒಂದೇ ಅಲ್ಲವಾದುದರಿಂದ ಅಳೆದು ನೋಡುವುದೇ ಲೇಸು.

ಆದರೆ ಹೀಗೆ ಕರಾರುವಾಕ್ಕಾಗಿ ಹೊಂದಿದ ಕಂಡೆನ್ಸರೇ ಅಪಾಯಕರ! ಟ್ರಾನ್ಸ್‌ಫಾರ್ಮರಿನೊಡನೆ ಅದು ಅನುನಾದಗೊಂಡು, ಕಿಡಿಯ ಸಂದು ಅಗಲವಾಗಿದ್ದರೆ, ಒತ್ತಡ ನಿಗದಿಯನ್ನು ಮೀರಿ ಸುತ್ತುಗಳು ಸುಟ್ಟುಹೋಗುವುವು. ಅದಕ್ಕಾಗಿಯೇ ಅನುಭವಿಗಳು ಲೆಕ್ಕಕ್ಕಿಂತ ಸುಮಾರು ಒಂದೂವರೆ ಪಟ್ಟು ದೊಡ್ಡದನ್ನು ಆರಿಸುವರು. ಈ ಜಾಣತನ ನನಗೆ ಮೆಚ್ಚುಗೆ. ಸುರುಳಿಯ ಸುತ್ತುಗಳ ಸಂಖ್ಯೆಯಿಂದಲೇ ಮಿಂಚಿನ ಉದ್ದವನ್ನು ಗುಣಿಸಿ ಹೇಳುವವರ ಲೆಕ್ಕ ಮಾತ್ರ ನನಗೆ ಒಪ್ಪಿಗೆಯಿಲ್ಲ; ಕಂಡೆನ್ಸರು ಕೊಟ್ಟ ಶಕ್ತಿಯನ್ನು ಮೀರಿ ಸುರುಳಿ ಏನನ್ನೂ ಹುಟ್ಟಿಸಲಾರದು.

ಟೆಸ್ಲಾ ತನ್ನ ಉಪನ್ಯಾಸಗಳಲ್ಲಿ ಹೆಚ್ಚಿನ ಆವರ್ತದ ವಿದ್ಯುತ್ತನ್ನು ಮೈಯ ಮೂಲಕವೇ ಹರಿಸಿ ಕೊಳವೆಗಳನ್ನು ಬೆಳಗಿಸಿದನು. ಅದನ್ನು ಕೇಳಿ ಈ ಯಂತ್ರ ನಿರುಪದ್ರವಿಯೆಂದು ಭಾವಿಸತಕ್ಕದ್ದಲ್ಲ. ೬೦ ಮಿಲಿಆಂಪಿಯರು ಎದೆಯನ್ನು ಹಾದರೆ ಪ್ರಾಣ ಹೋಗಬಹುದು. ಟ್ರಾನ್ಸ್‌ಫಾರ್ಮರಿನ ಕಡೆ ಇರುವುದು ಅಂಥದ್ದೇ. ಸ್ವಿಚ್ಚನ್ನು ಆರಿಸಿದ ಮೇಲೂ ಬಾಟಲಿಗಳಲ್ಲಿ ವಿದ್ಯುತ್ತು ಉಳಿದಿರಬಹುದು. ಪ್ರತಿಯೊಂದು ಕಂಡೆನ್ಸರಿಗೂ ಅಡ್ಡಲಾಗಿ ದೊಡ್ಡ ರೋಧಕವನ್ನು ಕೂಡಿಸಿ, ನಿರೋಧಕ ಹಿಡಿಯುಳ್ಳ ಸಲಾಕೆಯಿಂದ ಎರಡು ತುದಿಗಳನ್ನೂ ಮುಟ್ಟಿಸಿದ ಬಳಿಕವೇ ಕೈಯಿಡಬೇಕು.