ಕಾರ್ಬೊನಟೈಟ್

ಅರ್ಧಕ್ಕಿಂತ ಹೆಚ್ಚು ಪಾಲು ಕಾರ್ಬೊನೇಟ್ ಖನಿಜಗಳಿರುವ ಅಪರೂಪದ ಅಗ್ನಿಶಿಲೆ. ನೋಟಕ್ಕೆ ಹಲವೆಡೆ ಅಮೃತಶಿಲೆಯನ್ನು ಹೋಲುತ್ತದೆ. ಕ್ಯಾಲ್ಸೈಟ್ ಹೆಚ್ಚಿರುವ ತುಂಡಿನ ಮೇಲೆ ಆಮ್ಲ ಬಿದ್ದರೆ ಸುಣ್ಣಕಲ್ಲಿನಂತೆಯೇ ನೊರೆಯುಕ್ಕುವುದರಿಂದ, ಆ ಪರೀಕ್ಷೆಯಿಂದ ಇದರ ಹುಟ್ಟು ತಿಳಿಯದು.

ಬೀಳಗಿ ತಾಲ್ಲೂಕಿನ ಅನಗವಾಡಿಯ ಸೀಮೆಯಲ್ಲಿ, ಲೋಕಾಪುರ, ಮುಧೋಳಗಳ ಕಡೆ ಹೇರಳವಾಗಿರುವ ಸುಣ್ಣಕಲ್ಲು ಈ ಜಾತಿಯದಲ್ಲ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ವಿವರಿಸಿದ ಕಲಾದಗಿ ಶಿಲೆಗಳ ಸಾಲಿಗೆ ಸೇರಿದ ಅದು ನೀರಿನಡಿಯಲ್ಲಿ ಪದರಪದರವಾಗಿ ಕೂತದ್ದು.

ನಾರ್ವೆಯ ಫೆನ್ ಪ್ರದೇಶದ ಶಿಲೆಗಳು ಕಾರ್ಬೊನೇಟ್ ಶಿಲಾಪಾಕದಿಂದ ಬಂದವೆಂದು ಭೂವಿಜ್ಞಾನಿ ಬ್ರೋಗರ್ 1921ರಲ್ಲಿ ವಾದಿಸಿದಾಗ ಹಲವರು ಒಪ್ಪಲಿಲ್ಲ. ಬಿಸಿಮಾಡಿದರೆ ಕ್ಯಾಲ್ಸೈಟ್ ಕರಗುವ ಮೊದಲೇ ಅನಿಲ ಬಿಟ್ಟು ಸುಟ್ಟ ಸುಣ್ಣವಾಗುತ್ತದೆ. ಸುಣ್ಣದ ಭಟ್ಟಿ ಕಂಡ ಯಾರಿಗೂ ಈ ಆಕ್ಷೇಪ ಸಹಜವೆನಿಸೀತು! ಬೋವನ್‌ನಂಥ ಘಟಾನುಘಟಿ ಭೂವಿಜ್ಞಾನಿಯೂ ಎದುರು ಪಕ್ಷದಲ್ಲಿದ್ದ. 1960ರಲ್ಲಿ ವೈಲಿ ಮತ್ತು ಟಟಲ್ ಪ್ರಯೋಗಶಾಲೆಯಲ್ಲಿ ಇದಕ್ಕೆ ಉತ್ತರ ಕೊಟ್ಟರು: ಒತ್ತಡದಡಿ ನೀರು ಜೊತೆಗಿದ್ದರೆ ಕ್ಯಾಲ್ಸೈಟ್ ಸುಮಾರು 650 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗತೊಡಗುತ್ತದೆ. ಅದೇ ವರ್ಷ ಟಾಂಜಾನಿಯಾದ ಓಲ್ ಡೊಯಿನ್ಯೊ ಲೆಂಗಾಯ್ ಜ್ವಾಲಾಮುಖಿಯ ಬಾಯಿಗಿಳಿದ ಭೂವಿಜ್ಞಾನಿ ಡಾಸನ್, ಸೋಡಿಯಂ ಕಾರ್ಬೊನೇಟ್ ತುಂಬಿದ ಲಾವಾ ಹರಿಯುವುದನ್ನು ಕಣ್ಣಾರೆ ಕಂಡ. ಕೆಸರಿನಂತೆ ಕಪ್ಪಗೆ, ತೆಳ್ಳಗೆ ಹರಿಯುವ ಆ ಲಾವಾ ಗಾಳಿಯ ತೇವಕ್ಕೆ ಬೇಗನೆ ಬೆಳ್ಳಗಾಗುತ್ತದೆ.

ಇಂಥ ಪಾಕದ ಮೂಲ ಭೂಮಿಯ ಹೊರಪದರದ ಕೆಳಗಿನ ಮ್ಯಾಂಟಲ್ ಪದರದಲ್ಲಿದೆ. ಅಲ್ಪ ಪ್ರಮಾಣದ ಕರಗುವಿಕೆಯಿಂದ ನೇರವಾಗಿ ಹುಟ್ಟಬಹುದು, ಇಲ್ಲವೆ ಕ್ಷಾರೀಯ ಸಿಲಿಕೇಟ್ ಪಾಕದಿಂದ ಬೇರ್ಪಡಬಹುದು. ಸ್ಟ್ರಾಂಷಿಯಂ, ನಿಯೋಬಿಯಂ, ವಿರಳ ಮೃತ್ತಿಕೆಗಳ ಅಂಶ, ಇಂಗಾಲ ಮತ್ತು ಆಮ್ಲಜನಕದ ಐಸೊಟೋಪುಗಳು ಇದನ್ನು ಸುಣ್ಣಕಲ್ಲಿನಿಂದ ಬೇರೆಯೆಂದು ತೋರಿಸಿಕೊಡುತ್ತವೆ.

ಭಾರತದಲ್ಲಿ ಗುಜರಾತಿನ ಅಂಬಾ ಡೊಂಗರದ ಶಿಲೆ ಕಾರ್ಬೊನಟೈಟ್ ಎಂದು 1963ರಲ್ಲಿ ಸುಖೇಶ್ವಾಲಾ ಮತ್ತು ಉದಾಸ್ ವರದಿ ಮಾಡಿದರು. ಸುಮಾರು 6.5 ಕೋಟಿ ವರ್ಷದ ಆ ಶಿಲೆ ದಖ್ಖನ್ ಲಾವಾದ ಕಾಲದ್ದೇ. ವಿಜಯಪುರ ಕಡೆಯ ಎರೆಭೂಮಿಯ ಕೆಳಗಿರುವುದೂ ಅದೇ ದಖ್ಖನ್ ಲಾವಾ. ಅಂಬಾ ಡೊಂಗರದಲ್ಲಿ ಫ್ಲೋರೈಟ್ ಗಣಿಗಾರಿಕೆಯೂ ನಡೆಯಿತು. ಕನ್ನಡ ನಾಡಿನ ಅಂಚಿಗೆ ತಾಗಿರುವ, ತಮಿಳುನಾಡಿನ ಹೊಗೇನಕಲ್ ಪ್ರದೇಶದ ಕಾರ್ಬೊನಟೈಟ್ ಬಹಳ ಹಿರಿಯದು. ಪೈರಾಕ್ಸಿನೈಟ್ ಎಂಬ ಶಿಲೆಯನ್ನು ಸೀಳಿ ನುಗ್ಗಿರುವ ಈ ಶಿಲೆಗೆ ಸಮೇರಿಯಂ–ನಿಯೋಡಿಮಿಯಂ ವಿಧಾನದಿಂದ ಸುಮಾರು 240 ಕೋಟಿ ವರ್ಷದ ವಯಸ್ಸು ದೊರೆತಿದೆ.